ನನ್ನ ಕಾರಿನ ಬೆನ್ನ ಮೇಲೆ ನಿಮ್ಮ ಫೋನ್ ನಂಬರ್

ಕಾರು ಶೋರೂಮುಗಳ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಾನು ತುಮಕೂರಿನವನು. 2025ರ ನವರಾತ್ರಿಯಲ್ಲಿ ಕಾರು ಕೊಂಡವರಲ್ಲಿ ನಾನೂ ಒಬ್ಬ. ಸೆಪ್ಟೆಂಬರ್ 22ಕ್ಕೆ ಸಣ್ಣ ಕಾರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯುತ್ತದೆ ಅಂತ ಕಾದು ಕೂತಿದ್ದವರ ಸಾಲಿನಲ್ಲಿ ನಾನೂ ಇದ್ದೆ. ಆಯುಧಪೂಜೆಯ ಹೊತ್ತಿಗೆ ಗಾಡಿ ಮನೆ ಮುಂದೆ ನಿಂತಿರಬೇಕು ಅನ್ನುವುದು ಅಮ್ಮನ ಒಂದೇ ಷರತ್ತು. ನಿಮ್ಮಲ್ಲೊಬ್ಬರು ಅದನ್ನು ನಡೆಸಿಕೊಟ್ಟರು. ಮೊದಲು ಅದಕ್ಕೆ ಥ್ಯಾಂಕ್ಸ್. ಯಾವ ಶೋರೂಮ್ ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಅದೂ ಪುಕ್ಕಟೆ ಪ್ರಚಾರವೇ ಆದೀತು. ಅಲ್ಲದೆ ಕೊಂಡವರ ಕಾರಿಗೆ ಕೇಳದೆ ನಿಮ್ಮ ಹೆಸರು ಅಂಟಿಸುವ ಈ ವಿಷಯದಲ್ಲಿ ನೀವೆಲ್ಲ ಒಂದೇ ಗರಡಿಯಲ್ಲಿ ಪಳಗಿದವರು. ಬಿ.ಎಚ್. ರಸ್ತೆಯಲ್ಲಿ ಹತ್ತು ನಿಮಿಷ ನಿಂತು ಹೋಗಿಬರುವ ಕಾರುಗಳ ಬೆನ್ನು ನೋಡಿದರೆ ಸಾಕು, ಯಾವ ಕಾರು ಯಾವ ಅಂಗಡಿಯದು ಅಂತ ಓದಿಕೊಂಡು ಹೋಗಬಹುದು.

ಡೆಲಿವರಿ ಕೊಡುವ ಮೂಲೆಯನ್ನು ಮದುವೆ ಮಂಟಪದ ಹಾಗೆ ಸಿಂಗರಿಸಿದ್ದಿರಿ. ಕಾರಿಗೆ ಕೆಂಪು ಬಟ್ಟೆ ಹೊದಿಸಿ, ಬಾನೆಟ್ ಮೇಲೆ ರಿಬ್ಬನ್ನಿನ ದೊಡ್ಡ ಹೂವು ಕೂರಿಸಿ, ಪಕ್ಕದಲ್ಲಿ ನನ್ನ ಮಗಳಷ್ಟೇ ಎತ್ತರದ ರಟ್ಟಿನ ಕೀ ನಿಲ್ಲಿಸಿ, ಮೇಜಿನ ಮೇಲೆ ಕೇಕೂ ಇಟ್ಟಿದ್ದಿರಿ. ಅರ್ಚಕರು ಮಂಗಳಾರತಿ ಮಾಡಿ ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಬಟ್ಟೆ ಎಳೆದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು. ಸೇಲ್ಸ್ ಹುಡುಗ ಫೋಟೊ ಹೊಡೆಯುತ್ತಿದ್ದ. ಅಮ್ಮ ಮಾತ್ರ ಅರಿಶಿನ ಕುಂಕುಮದ ಬಟ್ಟಲು ಹಿಡಿದುಕೊಂಡು ಡಿಕ್ಕಿಯ ಕಡೆ ಹೋದಳು. ಎಲ್ಲಿ ಹಚ್ಚಬೇಕು ಅಂತ ಸ್ವಲ್ಪ ಹೊತ್ತು ನೋಡಿ ನನ್ನನ್ನು ಕರೆದಳು.

"ಇದ್ಯಾರ ಹೆಸ್ರು ಮಗಾ ಬರ್ದಿರೋದು?"

"ಶೋರೂಮಿನೋರ್ದು ಕಣಮ್ಮ."

"ಗಾಡಿ ನಮ್ದೇ ತಾನೆ?"

ನಾನು ನಕ್ಕೆ. ಸೇಲ್ಸ್ ಹುಡುಗನೂ ನಕ್ಕ. ಅಮ್ಮ ನಗಲಿಲ್ಲ.

ಮನೆಗೆ ಬಂದು ಹಾರ ತೆಗೆದು ಲೆಕ್ಕ ಹಾಕಿದೆ. ಹಿಂದಿನ ಗಾಜಿನ ಮೇಲೆ ಉದ್ದಕ್ಕೆ ಒಂದು ಪಟ್ಟಿ, ಅದರಲ್ಲಿ ನಿಮ್ಮ ಹೆಸರು, ಊರು, ಫೋನ್ ನಂಬರ್. ಡಿಕ್ಕಿಯ ಎಡ ಮೂಲೆಯಲ್ಲಿ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಬ್ಯಾಡ್ಜು. ಮುಂದಿನ ನಂಬರ್ ಪ್ಲೇಟಿಗೆ ಒಂದು ಫ್ರೇಮು, ಹಿಂದಿನದಕ್ಕೆ ಇನ್ನೊಂದು, ಎರಡರ ಕೆಳ ಅಂಚಿನಲ್ಲೂ ನಿಮ್ಮ ಹೆಸರು. ಮುಂದಿನ ಗಾಜಿನ ಒಳಮೂಲೆಯಲ್ಲಿ ಸರ್ವಿಸ್ ನೆನಪಿಸುವ ಸ್ಟಿಕ್ಕರು. ಕಾಲಿನ ಕೆಳಗೆ ಹಾಸಿದ ಕಾಗದದ ಮೇಲೆ, ಕೀ ಬಂಚಿನ ಮೇಲೆ. ಒಟ್ಟು ಏಳು ಕಡೆ. ಕಾರು ತಯಾರಿಸಿದ ಕಂಪನಿ ಕೂಡ ತನ್ನ ಲಾಂಛನವನ್ನು ಅಷ್ಟು ಕಡೆ ಹಾಕಿಲ್ಲ. ಏಳು ಲಕ್ಷ ಸಾಲ ಕೊಟ್ಟ ಬ್ಯಾಂಕು ತನ್ನ ಹೆಸರನ್ನು ಆರ್‌ಸಿಯಲ್ಲಿ ಬರೆಸಿಕೊಂಡು ಸುಮ್ಮನಾಗಿದೆ. ಅಸಲಿಗೆ ಆ ಕಾರಿನ ಮೇಲೆ ನನಗಿಂತ ಹೆಚ್ಚು ಹಕ್ಕು ಸದ್ಯಕ್ಕೆ ಅದಕ್ಕೇ ಇದೆ!

ಮಾರನೇ ದಿನ ಫೋನ್ ಮಾಡಿ, ಇದನ್ನೆಲ್ಲ ಯಾಕಪ್ಪ ಅಂಟಿಸಿದ್ದೀರಿ ಅಂತ ಕೇಳಿದೆ. ಆ ಹುಡುಗ ಬಹಳ ಒಳ್ಳೆಯವನು. "ಅದಕ್ಕೇನೂ ಚಾರ್ಜ್ ಮಾಡಿಲ್ಲ ಸಾರ್, ಕಾಂಪ್ಲಿಮೆಂಟರಿ" ಅಂದ.

ಈ ಪತ್ರ ಬರೆಯುವುದಕ್ಕೆ ಕಾರಣ ಆ ಒಂದು ಮಾತು. ನನ್ನ ಗಾಡಿಯ ಮೇಲೆ ನಿಮ್ಮ ಜಾಹೀರಾತು ಹಾಕಿಕೊಳ್ಳುವುದು ನೀವು ನನಗೆ ಮಾಡಿದ ಉಪಕಾರ ಅಂತ ಅವನು ನಿಜವಾಗಿಯೂ ನಂಬಿದ್ದಾನೆ. ಹಾಗಂತ ಅವನಿಗೆ ಹೇಳಿಕೊಟ್ಟಿದ್ದೀರಿ. ಕೊಟ್ಟವನು ಕೋಡಂಗಿ ಅನ್ನುವುದು ಇದಕ್ಕೇ ಇರಬೇಕು.

ನನಗೆ ಇದು ಬೇರೆಯವರಿಗಿಂತ ಸ್ವಲ್ಪ ಜಾಸ್ತಿ ಚುಚ್ಚುವುದಕ್ಕೆ ಒಂದು ಹಿನ್ನೆಲೆ ಇದೆ. ನಮ್ಮಪ್ಪ ಬೋರ್ಡ್ ಬರೆಯುತ್ತಿದ್ದ. ಅಂಗಡಿ ಬೋರ್ಡು, ಚುನಾವಣೆ ಬಂದರೆ ಗೋಡೆ ಬರಹ, ಮಿಕ್ಕ ದಿನವೆಲ್ಲ ಲಾರಿ. ಪುಣೆ ರಸ್ತೆಯನ್ನು ಆಗ ಎಲ್ಲರೂ ಎನ್.ಎಚ್. 4 ಅನ್ನುತ್ತಿದ್ದರು, ಲಾರಿಗಳಿಗೇನೂ ಬರವಿರಲಿಲ್ಲ. ನಂಬರ್ ಪ್ಲೇಟನ್ನೂ ಅಪ್ಪನೇ ಬರೆಯುತ್ತಿದ್ದ. ಸ್ವಂತ ಗಾಡಿಗೆ ಆಗ ಕಪ್ಪು ತಗಡಿನ ಮೇಲೆ ಬಿಳಿ ಅಕ್ಷರ. ಸುಣ್ಣದ ಪುಡಿ ಮೆತ್ತಿದ ದಾರವನ್ನು ಎರಡು ಕಡೆ ಎಳೆದು ಹಿಡಿಯುವುದು ನನ್ನ ಕೆಲಸ. ಅಪ್ಪ ನಡುವೆ ಎತ್ತಿ ಬಿಟ್ಟರೆ ತಗಡಿನ ಮೇಲೆ ನೆಟ್ಟಗೆ ಒಂದು ಗೆರೆ ಬೀಳುತ್ತಿತ್ತು.

ಬ್ರಶ್ ಅದ್ದುವ ಮುಂಚೆ ಅಪ್ಪ ಮಾಲೀಕರನ್ನು ಕೇಳುತ್ತಿದ್ದ, "ಏನ್ ಬರೀಲಿ ಸ್ವಾಮಿ?" ಒಬ್ಬರು ಮನೆದೇವರ ಹೆಸರು ಹೇಳುತ್ತಿದ್ದರು, ಇನ್ನೊಬ್ಬರು ಮಕ್ಕಳ ಹೆಸರು. ಸಿದ್ಧಗಂಗಾ ಸ್ವಾಮಿಗಳ ಚಿತ್ರ ಬೇಕು ಅನ್ನುವವರಿದ್ದರು. ಶಿರಾ ಕಡೆಯ ಒಬ್ಬರು "ಏನೂ ಬೇಡ, ನಂಬರ್ ಬರೆದು ಬಿಡು" ಅಂದಿದ್ದರು. ಅಷ್ಟು ಅಗಲದ ಹಿಂಬಾಗಿಲು ಖಾಲಿ ಬಿಡುವುದಕ್ಕೆ ಅಪ್ಪನ ಕೈ ತುರಿಸುತ್ತಿತ್ತು. ಆದರೂ ಬಿಟ್ಟ. ಗಾಡಿ ಅವರದು.

ಇಲ್ಲಿ ಒಂದು ನಿಜ ಒಪ್ಪಿಕೊಳ್ಳಬೇಕು. ಅಪ್ಪನೂ ತನ್ನ ಹೆಸರು ಹಾಕುತ್ತಿದ್ದ. ಹಿಂಬಾಗಿಲಿನ ಬಲ ಮೂಲೆಯ ತಳದಲ್ಲಿ, ಹೆಬ್ಬೆರಳ ಉಗುರಿನಷ್ಟು ದೊಡ್ಡದಾಗಿ ತನ್ನ ಹೆಸರಿನ ಮುಂದೆ ಆರ್ಟ್ಸ್ ಅಂತ. ಅದೂ ಜಾಹೀರಾತೇ. ನೀವು ಮಾಡಿದ್ದೂ ಅದೇ ತಾನೆ ಅಂತ ಕೇಳಬಹುದು. ಒಂದು ಸಲ ಒಬ್ಬ ಮಾಲೀಕ ಬಗ್ಗಿ ನೋಡಿ, "ಏ, ಇದೇನ್ಲಾ ನಿನ್ನ ಹೆಸ್ರು ನನ್ನ ಗಾಡಿ ಮೇಲೆ?" ಅಂದದ್ದು ನನ್ನ ಕಣ್ಣ ಮುಂದೆಯೇ. ಅಪ್ಪ ಟರ್ಪೆಂಟೈನ್ ಅದ್ದಿದ ಬಟ್ಟೆಯಲ್ಲಿ ಅರ್ಧ ನಿಮಿಷದಲ್ಲಿ ಒರೆಸಿದ, ಒರೆಸಿದ ಜಾಗಕ್ಕೆ ಬಣ್ಣ ಮುಟ್ಟಿಸಿದ, "ತಪ್ಪಾಯ್ತು ಸ್ವಾಮಿ" ಅಂದ. ದಾರಿಯಲ್ಲಿ ಬರುವಾಗ ಮಾತಾಡಲಿಲ್ಲ. ಆಮೇಲೆ ಹೆಸರು ಹಾಕುವ ಮುಂಚೆ ಅದನ್ನೂ ಕೇಳುವುದಕ್ಕೆ ಶುರು ಮಾಡಿದ. ಮುಕ್ಕಾಲು ಪಾಲು ಜನ "ಹಾಕ್ಕೊಳಯ್ಯ" ಅನ್ನುತ್ತಿದ್ದರು.

ನೀವೂ ಕೇಳಿದ್ದರೆ ನಾನೂ ಹಾಗೇ ಅಂದುಬಿಡುತ್ತಿದ್ದೆನೋ ಏನೋ. ಕೇಳಲಿಲ್ಲ.

ಸ್ಟಿಕ್ಕರು ಕಂಡರೆ ಮೈಯುರಿಯುವ ಜಾತಿ ನನ್ನದಲ್ಲ. ನಮ್ಮ ಜನಕ್ಕೆ ಗಾಡಿಯ ಮೇಲೆ ಬರೆಸುವುದು ಅಂದರೆ ಪ್ರೀತಿ. ಹಳದಿ ಕೆಂಪು ಬಾವುಟ, ತಂದೆ ತಾಯಿ ಆಶೀರ್ವಾದ, ಮಂಜುನಾಥ, ಹಿಂದಿನ ಗಾಜಿನ ತುಂಬ ಕಾಸರಗೋಡಿನ ಕಲಾವಿದರೊಬ್ಬರು ಬಿಡಿಸಿದ ಆ ಸಿಟ್ಟಿನ ಹನುಮಂತ. ಕೆಲವರು ಹೊಸ ಕಾರಿನ ಸೀಟಿನ ಪ್ಲಾಸ್ಟಿಕ್ ಕವರನ್ನೇ ಎರಡು ವರ್ಷ ತೆಗೆಯುವುದಿಲ್ಲ, ಬೇಸಿಗೆಯಲ್ಲಿ ಬೆನ್ನಿಗೆ ಅಂಟಿಕೊಂಡರೂ ಪರವಾಗಿಲ್ಲ. ನಿಮ್ಮ ಪಟ್ಟಿಯನ್ನೂ ಹೆಮ್ಮೆಯಿಂದ ಇಟ್ಟುಕೊಂಡವರು ನಮ್ಮ ಬೀದಿಯಲ್ಲೇ ಇಬ್ಬರಿದ್ದಾರೆ. ಇಟ್ಟುಕೊಳ್ಳಲಿ. ಇವೆಲ್ಲ ಮಾಲೀಕ ಒಪ್ಪಿ ಉಳಿಸಿಕೊಂಡವು.

ತೆಗೆಯುವ ಕಥೆಗೆ ಬರುತ್ತೇನೆ. ಅಂಟಿಸುವುದಕ್ಕೆ ನಿಮ್ಮ ಯಾರ್ಡಿನ ಹುಡುಗನಿಗೆ ಐದು ನಿಮಿಷ ಹಿಡಿದಿರಬಹುದು. ಕೀಳುವುದಕ್ಕೆ ನನಗೆ ಒಂದು ಇಡೀ ಭಾನುವಾರ ಹೋಯಿತು.

ಬೆಳಿಗ್ಗೆ ಏಳಕ್ಕೆ, ಇಬ್ಬನಿ ಆರುವ ಮುಂಚೆ, ಗಾಜಿನ ಮೇಲಿನ ಪಟ್ಟಿಯ ಮೂಲೆಯನ್ನು ಉಗುರಿನಲ್ಲಿ ಎಬ್ಬಿಸಿ ಎಳೆದೆ. ಅದು ಮೊದಲ ತಪ್ಪು. ತಣ್ಣಗಿರುವ ಗೋಂದು ಕಲ್ಲಿನ ಹಾಗೆ. ಪಟ್ಟಿ ಮೂರು ತುಂಡಾಯಿತು. ಮೇಲಿನ ಪ್ಲಾಸ್ಟಿಕ್ ಬಂತು, ಗೋಂದು ಗಾಜಿನ ಮೇಲೇ ಉಳಿಯಿತು, ನಿಮ್ಮ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿಯೂ ಉಳಿದವು. ಸಿಟ್ಟಿನಲ್ಲಿ ಶೇವಿಂಗ್ ಬ್ಲೇಡ್ ತಂದೆ. ಎದುರು ಮನೆಯವರು ಗ್ಯಾರೇಜಿನಲ್ಲಿ ಟಿಂಕರಿಂಗ್, ಪೇಂಟಿಂಗ್ ಮಾಡುವವರು. ಹಲ್ಲುಜ್ಜುತ್ತಿದ್ದವರು ಬ್ರಶ್ ಬಾಯಲ್ಲಿಟ್ಟುಕೊಂಡೇ ಓಡಿ ಬಂದರು. "ಸಾರ್, ಗಾಜಿನ ಹೊರಗಡೆ ಬೇಕಾದ್ರೆ ಮಲಗಿಸಿ ಆಡ್ಸಿ. ಬಾಡಿ ಹತ್ರ ಮಾತ್ರ ಬ್ಲೇಡ್ ತಗೊಂಡು ಹೋಗ್ಬೇಡಿ. ಹಿಂದಿನ ಗಾಜಿನ ಒಳಗಡೆಗೂ ಬೇಡ."

ಒಳಗಡೆ ಯಾಕೆ ಬೇಡ ಅಂದರೆ, ಹಿಂದಿನ ಗಾಜಿನಲ್ಲಿ ಅಡ್ಡಡ್ಡಕ್ಕೆ ಕಾಣುವ ಸಣ್ಣ ಗೆರೆಗಳು ಮಂಜು ಕರಗಿಸುವ ತಂತಿಗಳು. ಗಾಜಿನ ಒಳಮೈಗೇ ಅಂಟಿಕೊಂಡಿರುತ್ತವೆ. ಬ್ಲೇಡು ತಾಗಿ ಒಂದು ಗೆರೆ ಕತ್ತರಿಸಿದರೆ ಆ ಸಾಲು ಬಿಸಿಯಾಗುವುದಿಲ್ಲ. ಬಾಡಿಯ ಮೇಲೆ ಬೇಡ ಅನ್ನುವುದಕ್ಕೆ ಅವರು ಕೊಟ್ಟ ಕಾರಣ ನನಗೆ ಗೊತ್ತಿರಲಿಲ್ಲ. ಹೊಳೆಯುವ ಆ ಬಣ್ಣ ಪ್ರೈಮರು, ಬಣ್ಣ, ಮೇಲಿನ ಕ್ಲಿಯರ್ ಕೋಟು ಎಲ್ಲ ಸೇರಿದರೂ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಕ್ಲಿಯರ್ ಕೋಟು ಅದರಲ್ಲೂ ಅರ್ಧಕ್ಕಿಂತ ಕಮ್ಮಿ. ಅಪ್ಪ ಲಾರಿಗೆ ಬಳಿಯುತ್ತಿದ್ದ ಎನಾಮೆಲ್ ಪೇಂಟನ್ನು ನೋಡಿ ಬೆಳೆದ ನನಗೆ ಇದು ಇಷ್ಟು ತೆಳು ಅಂದುಕೊಳ್ಳುವುದೇ ಕಷ್ಟವಾಯಿತು.

ಅವರೇ ದಾರಿ ತೋರಿಸಿದರು. ಹೆಂಡತಿಯ ಹೇರ್ ಡ್ರೈಯರ್ ಬಂತು. ಗೇಣು ದೂರದಲ್ಲಿ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆ ಕಡೆ ಈ ಕಡೆ ಆಡಿಸುತ್ತ ಒಂದೆರಡು ನಿಮಿಷ ಬಿಸಿ ಗಾಳಿ ಬಿಡಬೇಕು. ಅಂಗೈ ಇಟ್ಟರೆ ತಡೆಯುವಷ್ಟು ಬಿಸಿ ಸಾಕು. ಆಮೇಲೆ ಮೂಲೆಯಿಂದ ನಿಧಾನವಾಗಿ, ನೇರ ಮೇಲಕ್ಕಲ್ಲ, ಹಿಂದಕ್ಕೆ ಮಡಚಿದ ಹಾಗೆ ಎಳೆಯಬೇಕು. ಬಾಳೆಲೆ ಸುತ್ತಿದಷ್ಟು ಸಲೀಸಾಗಿ ಬಂತು.

ಬ್ಯಾಡ್ಜು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಅದರ ಹಿಂದೆ ಎರಡೂ ಕಡೆ ಅಂಟುವ ಸ್ಪಂಜಿನ ಟೇಪು. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಡಿಕ್ಕಿಯ ತಗಡಿಗೇ ಗುಳಿ ಬೀಳುತ್ತದೆ. ಇದಕ್ಕೆ ಬೇಕಾದದ್ದು ದಾರ. ಅಮ್ಮ ಹೂ ಕಟ್ಟುವ ದಾರ ಎರಡು ಎಳೆತಕ್ಕೆ ಕಿತ್ತುಹೋಯಿತು. ಮೀನು ಹಿಡಿಯುವ ನೈಲಾನ್ ದಾರವನ್ನು ಎದುರು ಮನೆಯವರು ತಂದುಕೊಟ್ಟರು. ಬ್ಯಾಡ್ಜಿಗೆ ಬಿಸಿ ಹಿಡಿದು, ಅದರ ಹಿಂದೆ ದಾರ ತೂರಿಸಿ, ಗರಗಸದ ಹಾಗೆ ಎಡಕ್ಕೂ ಬಲಕ್ಕೂ ಎಳೆಯುತ್ತ ಕೆಳಗಿಳಿಸಿದರೆ ಸ್ಪಂಜು ಕುಯ್ದುಕೊಂಡು ಬರುತ್ತದೆ. ಕೆಳಗೆ ಬೀಳುವಾಗ ಅಂಗೈ ಒಡ್ಡಿದೆ. ನಾನು ಸಣ್ಣವನಿದ್ದಾಗ ಎರಡು ಕಡೆ ದಾರ ಹಿಡಿದದ್ದು ನೆನಪಾಗದೆ ಇರಲಿಲ್ಲ.

ಉಳಿದ ಗೋಂದನ್ನು ಮೊದಲು ಹೆಬ್ಬೆರಳಿನಲ್ಲಿ ಉಂಡೆ ಕಟ್ಟಿ ಕಟ್ಟಿ ತೆಗೆದೆ. ಜಿಡ್ಡು ಉಳಿಯಿತು. ಥಿನ್ನರ್ ಹಾಕಿದರೆ ಕ್ಲಿಯರ್ ಕೋಟನ್ನೇ ತಿನ್ನುತ್ತದೆ, ಅದು ಬೇಡ. ಸೀಮೆಎಣ್ಣೆ ರಬ್ಬರಿಗೆ ಒಳ್ಳೆಯದಲ್ಲ, ಪೆಟ್ರೋಲಿನ ಸಹವಾಸ ಮನೆ ಮುಂದೆ ಬೇಡವೇ ಬೇಡ. ಕೊನೆಗೆ ಕೆಲಸಕ್ಕೆ ಬಂದದ್ದು ಅಮ್ಮ ನೆಗಡಿಗೆ ಅಂತ ಇಟ್ಟುಕೊಂಡಿದ್ದ ನೀಲಗಿರಿ ಎಣ್ಣೆ. ಮೆತ್ತನೆ ಬಟ್ಟೆಗೆ ನಾಲ್ಕು ಹನಿ ಹಾಕಿ, ಕಾಣದ ಒಂದು ಮೂಲೆಯಲ್ಲಿ ಮೊದಲು ಪರೀಕ್ಷೆ ಮಾಡಿ, ಆಮೇಲೆ ಗೋಂದಿನ ಮೇಲೆ ಒತ್ತಿಟ್ಟು ಒರೆಸಿದೆ. ಬಂತು. ಶಾಂಪೂ ನೀರಿನಲ್ಲಿ ತೊಳೆದು, ಒಣಗಿಸಿ, ಮೇಲೆ ಸ್ವಲ್ಪ ವ್ಯಾಕ್ಸ್ ಹಚ್ಚಿದೆ. ಎರಡು ದಿನ ಕಾರಿನಲ್ಲಿ ನೆಗಡಿ ಬಂದವರ ಮನೆಯ ವಾಸನೆ ಇತ್ತು.

ಹೊಸ ಕಾರಾದ್ದರಿಂದ ಗುರುತು ಉಳಿಯಲಿಲ್ಲ. ನನ್ನ ಚಿಕ್ಕಪ್ಪನ ಮಗನ ಕೆಂಪು ಕಾರಿಗೆ ಆರು ವರ್ಷ. ಹೋದ ವರ್ಷ ಅವನು ಬ್ಯಾಡ್ಜು ಕಿತ್ತ. ಸುತ್ತಲ ಬಣ್ಣ ಬಿಸಿಲಿಗೆ ಮಾಸಿದೆ, ಬ್ಯಾಡ್ಜಿನ ಕೆಳಗಿದ್ದದ್ದು ಮಾಸಿಲ್ಲ. ಹಾಗಾಗಿ ಅವನ ಡಿಕ್ಕಿಯ ಮೇಲೆ ಶೋರೂಮಿನ ಹೆಸರು ಕೆಂಪಿನ ಮೇಲೆ ಗಾಢ ಕೆಂಪಾಗಿ ಈಗಲೂ ಓದಲು ಸಿಗುತ್ತದೆ. ಆ ಶೋರೂಮು ಬಾಗಿಲು ಹಾಕಿ ಮೂರು ವರ್ಷವಾಯಿತು.

ಸೋತದ್ದು ನಂಬರ್ ಪ್ಲೇಟಿನ ಫ್ರೇಮಿನ ಹತ್ತಿರ. ನಿಮಗೆ ಗೊತ್ತಿರುವುದೇ: 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ, ಅಂದರೆ ಹೆಚ್ಚು ಭದ್ರತೆಯ ನಂಬರ್ ಪ್ಲೇಟು, ಕಡ್ಡಾಯ. ಅದನ್ನು ಕೂರಿಸಿ ಕೊಡುವವರು ನೀವೇ. ಎಡಗಡೆ ಮೇಲೆ ಅಶೋಕ ಚಕ್ರದ ಹಾಲೋಗ್ರಾಮು, ಕೆಳಗೆ ಲೇಸರಿನಲ್ಲಿ ಕೊರೆದ ಹತ್ತಂಕಿಯ ಗುರುತಿನ ಸಂಖ್ಯೆ, ತಗಡನ್ನು ಗಾಡಿಗೆ ಹಿಡಿದಿಡುವುದಕ್ಕೆ ಒಮ್ಮೆ ಬಿಚ್ಚಿದರೆ ಮತ್ತೆ ಬಳಸಲು ಬಾರದ ಸ್ನ್ಯಾಪ್ ಲಾಕ್. ಕಳ್ಳರು ಪ್ಲೇಟು ಬದಲಿಸಬಾರದು ಅಂತ ಮಾಡಿದ ಏರ್ಪಾಡು. ನಿಮ್ಮ ಹುಡುಗರು ಆ ಲಾಕಿನ ಕೆಳಗೆ ನಿಮ್ಮ ಹೆಸರಿನ ಫ್ರೇಮನ್ನೂ ಸೇರಿಸಿ ಬಿಗಿದಿದ್ದಾರೆ. ಅಂದರೆ ಫ್ರೇಮು ತೆಗೆಯಬೇಕಾದರೆ ಲಾಕು ಒಡೆಯಬೇಕು, ಒಡೆದರೆ ಮತ್ತೆ ನಿಮ್ಮ ಹತ್ತಿರವೇ ಬರಬೇಕು. ಸರ್ಕಾರ ಕಳ್ಳನಿಗೆ ಅಂತ ಮಾಡಿದ ಬೀಗ ನಿಮ್ಮ ಜಾಹೀರಾತನ್ನು ಕಾಯುತ್ತಿದೆ! ಸಾಲದ್ದಕ್ಕೆ ಫ್ರೇಮಿನ ಕೆಳ ಅಂಚು ಆ ಹತ್ತಂಕಿಯ ಅರ್ಧ ಭಾಗವನ್ನು ನುಂಗಿದೆ. ಸದ್ಯಕ್ಕೆ ನಿಮ್ಮ ಹೆಸರಿನ ಮೇಲೆ ಎಲೆಕ್ಟ್ರಿಷಿಯನ್ನರ ಕಪ್ಪು ಟೇಪು ಸುತ್ತಿದ್ದೇನೆ. ನೋಡುವುದಕ್ಕೆ ಗಾಯಕ್ಕೆ ಬಟ್ಟೆ ಕಟ್ಟಿದ ಹಾಗಿದೆ. ಸಾರಿಗೆ ಇಲಾಖೆಯವರು ಈ ಪತ್ರ ಓದುತ್ತಿದ್ದರೆ ಅವರಿಗೆ ನನ್ನ ಬೇಡಿಕೆ ಇದೊಂದೇ: ಪ್ಲೇಟಿನ ಅಂಚಿಗೆ ಯಾರ ಹೆಸರೂ ಬೇಡ ಅಂತ ಡೀಲರುಗಳಿಗೆ ಒಂದು ಸಾಲಿನ ಸುತ್ತೋಲೆ ಕಳಿಸಿ.

ಕಾನೂನಿನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿ ಮುಂದೆ ಹೋಗುತ್ತೇನೆ. ಮೋಟಾರು ವಾಹನ ನಿಯಮಗಳ 100ನೇ ನಿಯಮದಲ್ಲಿ ಮುಂದಿನ ಹಿಂದಿನ ಗಾಜುಗಳು ಕನಿಷ್ಠ ಶೇ. 70ರಷ್ಟು ಬೆಳಕು ಬಿಡಬೇಕು ಅಂತಿದೆ. 2012ರಲ್ಲಿ ಸುಪ್ರೀಂ ಕೋರ್ಟು ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಬಾರದು ಅಂದಾಗ ಊರೂರಲ್ಲಿ ಪೊಲೀಸರು ಗಾಡಿ ನಿಲ್ಲಿಸಿ ನಿಲ್ಲಿಸಿ ಕೂಲಿಂಗ್ ಪೇಪರ್ ಕಿತ್ತರು, ದಂಡ ಹಾಕಿದರು. ನಿಮ್ಮ ಅಪಾರದರ್ಶಕ ಪಟ್ಟಿ ಆ ಆದೇಶಕ್ಕೆ ಸೇರುತ್ತದೋ ಇಲ್ಲವೋ ವಕೀಲರು ನೋಡಿಕೊಳ್ಳಲಿ. ನಾನು ಹೇಳುವುದು ಬೇರೆ. ಗಾಜಿನ ಮೇಲೆ ಏನಾದರೂ ಇದ್ದರೆ ಪೊಲೀಸರು ಕೈ ತೋರಿಸುವುದು ಗಾಡಿಯಲ್ಲಿ ಕೂತವನಿಗೆ, ಅಂಟಿಸಿದವರಿಗಲ್ಲ.

ಈಗ ದುಡ್ಡಿನ ವಿಷಯ. 2018ರಲ್ಲಿ ಹೈಕೋರ್ಟಿನ ಚಾಟಿ ಬಿದ್ದ ಮೇಲೆ ಬೆಂಗಳೂರಿನಲ್ಲಿ ರಾತ್ರೋರಾತ್ರಿ ಫ್ಲೆಕ್ಸುಗಳನ್ನು ಕಿತ್ತದ್ದು ನಿಮಗೆ ನೆನಪಿರಬಹುದು. ರಸ್ತೆ ಬದಿಯಲ್ಲಿ ನಿಂತ ಬೋರ್ಡಿಗೆ ಅನುಮತಿ ಬೇಕು, ಶುಲ್ಕ ಬೇಕು. ಬಿಎಂಟಿಸಿ ಬಸ್ಸಿನ ಬೆನ್ನಿಗೆ ಜಾಹೀರಾತು ಅಂಟಿಸಿದರೆ ನಿಗಮಕ್ಕೆ ದುಡ್ಡು ಬರುತ್ತದೆ. ನನ್ನ ಕಾರು ತುಮಕೂರಿನಿಂದ ಬೆಂಗಳೂರಿಗೆ ವಾರಕ್ಕೆರಡು ಸಲ ಹೋಗಿ ಬರುತ್ತದೆ. ನೆಲಮಂಗಲದ ಹತ್ತಿರ, ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನಿಂತೇ ಇರುತ್ತದೆ. ಹಿಂದಿನವನಿಗೆ ಓದುವುದಕ್ಕೆ ನಿಮ್ಮ ಹೆಸರು ಬಿಟ್ಟರೆ ಬೇರೆ ಗತಿಯಿಲ್ಲ. ಆರ್‌ಸಿಗೆ 15 ವರ್ಷದ ಆಯುಸ್ಸು. ಅಷ್ಟು ವರ್ಷ ನಡೆಯುವ ಈ ಬೋರ್ಡಿಗೆ ನೆಲಬಾಡಿಗೆ ಎಷ್ಟು? ಸೊನ್ನೆ. ಎದುರಾಗಿ ಕಾರಿನ ಬೆಲೆಯ ಶೇ. 14ರಷ್ಟು ಜೀವಾವಧಿ ತೆರಿಗೆ, ಅದರ ಮೇಲೆ ಸೆಸ್ಸು, ವಿಮೆ, ಪೆಟ್ರೋಲು, ಟೋಲು ಎಲ್ಲ ನನ್ನ ತಲೆಗೆ.

ಈ ಲೆಕ್ಕ ನನ್ನ ಒಬ್ಬನ ತಲೆಹರಟೆ ಅಂದುಕೊಳ್ಳಬೇಡಿ. 2019ರಲ್ಲಿ ಚಂಡೀಗಢದ ಗ್ರಾಹಕರ ವೇದಿಕೆಯ ಮುಂದೆ ಒಂದು ಕೇಸು ಬಂತು. ಒಬ್ಬ ಗ್ರಾಹಕರು ಶೂ ಕೊಂಡರು, ಅಂಗಡಿಯವರು ಕಾಗದದ ಚೀಲಕ್ಕೆ 3 ರೂಪಾಯಿ ಹಾಕಿದರು. ಚೀಲದ ಮೇಲೆ ಅಂಗಡಿಯದೇ ಹೆಸರು. ಮೂರು ರೂಪಾಯಿಗೆ ಕೋರ್ಟಿಗೆ ಹೋಗುವವರೂ ಇದ್ದಾರಾ ಅಂತ ನಗಬಹುದು. ವೇದಿಕೆ ನಗಲಿಲ್ಲ. ಗಿರಾಕಿಯಿಂದಲೇ ದುಡ್ಡು ಇಸಿದುಕೊಂಡು ಅವನನ್ನೇ ಜಾಹೀರಾತಿನ ಏಜೆಂಟನ ಹಾಗೆ ಬಳಸಿಕೊಂಡಿದ್ದೀರಿ, ಇದು ಅನುಚಿತ ವ್ಯಾಪಾರ ಪದ್ಧತಿ ಅಂದಿತು. ಆ 3 ರೂಪಾಯಿ ವಾಪಸು, ಮಾನಸಿಕ ಹಿಂಸೆಗೆ 3,000, ಖರ್ಚಿಗೆ 1,000, ಕಾನೂನು ನೆರವಿನ ಖಾತೆಗೆ 5,000 ರೂಪಾಯಿ. ಚೀಲವನ್ನು ಮನೆಗೆ ಬಂದ ಮೇಲೆ ಎಸೆಯಬಹುದು. ಡಿಕ್ಕಿಯನ್ನು ಎಸೆಯುವುದಕ್ಕಾಗುತ್ತದೆಯೇ? ನಿಮ್ಮವರು ಸ್ಟಿಕ್ಕರಿಗೆ ಬೇರೆ ದುಡ್ಡು ತೆಗೆದುಕೊಂಡಿಲ್ಲ, ಒಪ್ಪಿದೆ. ಚೀಲಕ್ಕೂ ಕಾರಿಗೂ ಕಾನೂನು ಒಂದೇ ಅಂತಲೂ ನಾನು ವಾದಿಸುತ್ತಿಲ್ಲ. ನಾನು ಕೇಸು ಹಾಕುವ ಉಮೇದಿನಲ್ಲೂ ಇಲ್ಲ. ಆದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡುವ ಹುಮ್ಮಸ್ಸಿನವರು ಒಬ್ಬರಲ್ಲ ಒಬ್ಬರು ನಿಮ್ಮ ಶೋರೂಮಿಗೆ ಬಂದೇ ಬರುತ್ತಾರೆ.

ನಿಮ್ಮ ಕಷ್ಟ ನನಗೆ ತಿಳಿಯದ್ದಲ್ಲ. ಕಾರು ಮಾರಿದ್ದರಲ್ಲಿ ಉಳಿಯುವುದು ಕಮ್ಮಿ. ಸರ್ವಿಸು, ವಿಮೆ, ಆಕ್ಸೆಸರೀಸಿನಲ್ಲೇ ಅಂಗಡಿ ನಡೆಯಬೇಕು. ಗಾಡಿ ಕೆಟ್ಟು ನಿಂತಾಗ ಗಾಜಿನ ಮೇಲಿನ ನಂಬರು ಉಪಯೋಗಕ್ಕೆ ಬರುತ್ತದೆ ಸಾರ್ ಅಂತ ನಿಮ್ಮ ಮ್ಯಾನೇಜರ್ ಹೇಳಿದರು. ಕಾರು ಕೆಟ್ಟಾಗ ನಾನು ಒಳಗಿರುತ್ತೇನೆ, ನಂಬರು ಹೊರಗೆ ಬೆನ್ನ ಮೇಲಿದೆ. ಅದನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಒಂದು ಕಾರ್ಡಿನಲ್ಲಿ ಬರೆದಿಡಿ, ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ. ಅಂದ ಹಾಗೆ ನಿಮ್ಮ ಕಟ್ಟಡದ ನಾಮಫಲಕದಲ್ಲಿ ಶೇ. 60 ಕನ್ನಡ ಬಂದಿದೆ, ಸಂತೋಷ. ನನ್ನ ಕಾರಿಗೆ ಅಂಟಿಸಿದ ಏಳರಲ್ಲಿ ಕನ್ನಡದ ಒಂದು ಅಕ್ಷರ ಇರಲಿಲ್ಲ. ಅಪ್ಪ ಇದ್ದಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದ.

ಬುಕಿಂಗ್ ಫಾರಂನಲ್ಲಿ ನನ್ನಿಂದ ಹದಿನೆಂಟು ಕಡೆ ಸಹಿ ಹಾಕಿಸಿಕೊಂಡಿರಿ. ಬಣ್ಣ ಯಾವುದು, ಮ್ಯಾಟ್ ಬೇಕೇ, ಮಡ್ ಫ್ಲಾಪ್ ಬೇಕೇ, ವಾರಂಟಿ ಮುಂದುವರಿಸಬೇಕೇ ಎಲ್ಲ ಕೇಳಿದಿರಿ. ಅಲ್ಲೇ ಇನ್ನೊಂದು ಸಾಲು ಸೇರಿಸಿ: ಶೋರೂಮಿನ ಸ್ಟಿಕ್ಕರ್ ಬೇಕೇ, ಬೇಡವೇ. ಪಕ್ಕದಲ್ಲಿ ಎರಡು ಚೌಕ. ಬೇಡ ಅಂದವರ ಗಾಡಿಯ ಚೀಟಿಯನ್ನು ಯಾರ್ಡಿನ ಹುಡುಗನಿಗೆ ಕೊಡಿ. ಬೇಕು ಅಂದವರಿಗೂ ಕಿತ್ತರೆ ಗೋಂದು ಉಳಿಯದ, ಗಾಜಿನ ಮೇಲೆ ತಾನೇ ಹಿಡಿದುಕೊಳ್ಳುವ ಜಾತಿಯ ಪಟ್ಟಿ ಹಾಕಿ, ಅಂಥದ್ದು ಸಿಗುತ್ತದೆ. ಬಣ್ಣದ ಮೇಲೆ ಬ್ಯಾಡ್ಜ್ ಮಾತ್ರ ಯಾರಿಗೂ ಬೇಡ. ಪ್ರಚಾರ ಬೇಕೇ ಬೇಕು ಅಂದರೆ ಬಾಡಿಗೆ ಕೊಡಿ. ಒಂದು ಸರ್ವಿಸಿನ ಲೇಬರ್ ಬಿಟ್ಟರೂ ಸಾಕು, ಅರ್ಧ ಊರು ನಿಮ್ಮ ಹೆಸರು ಹೊತ್ತು ತಿರುಗುತ್ತದೆ. ನಾನೂ ತಿರುಗಿಯೇನು.

ಈ ಪತ್ರ ಓದುತ್ತಿರುವ, ಇನ್ನೂ ಕಾರು ಕೈಗೆ ಬರದ ಸ್ನೇಹಿತರಿಗೆ ಎರಡು ಮಾತು. ಶೋರೂಮಿಗೆ ಬಾಕಿ ದುಡ್ಡು ಕಟ್ಟುವ ಮುಂಚೆಯೇ ಸ್ಟಿಕ್ಕರ್ ಬೇಡ ಅಂತ ವಾಟ್ಸ್ಯಾಪಿನಲ್ಲಿ ಬರೆದು ತಿಳಿಸಿ, ಡೆಲಿವರಿಯ ಹಿಂದಿನ ದಿನ ನೆನಪಿಸಿ. ಬಟ್ಟೆ ಸರಿಸಿ ಕೇಕು ಕತ್ತರಿಸಿದ ಮೇಲೆ ಜಗಳವಾಡುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ, ಅದು ಅವರಿಗೂ ಗೊತ್ತು. ಕೀಳುವ ಭರದಲ್ಲಿ ಎಲ್ಲವನ್ನೂ ಕೀಳಬೇಡಿ. ಮುಂದಿನ ಗಾಜಿನ ಒಳಗಡೆ ನೋಂದಣಿ ಸಂಖ್ಯೆ ಇರುವ ಬಣ್ಣದ ಸ್ಟಿಕ್ಕರು, ಪೆಟ್ರೋಲಿಗೆ ತಿಳಿನೀಲಿ, ಡೀಸೆಲ್ಲಿಗೆ ಕಿತ್ತಳೆ, ಅದು ಸರ್ಕಾರದ್ದು. ಮೂರನೇ ನಂಬರ್ ಪ್ಲೇಟು ಇದ್ದ ಹಾಗೆ. ಫಾಸ್ಟ್ಯಾಗ್ ಒಮ್ಮೆ ಕಿತ್ತರೆ ಕೆಟ್ಟಿತು. ಡ್ರೈವರ್ ಬಾಗಿಲಿನ ಕಂಬದ ಮೇಲೆ ಟೈರಿನ ಗಾಳಿ ಎಷ್ಟಿರಬೇಕು ಅಂತ ಬರೆದಿರುತ್ತದೆ, ಬಿಸಿಲು ಪರದೆಯ ಮೇಲೆ ಏರ್‌ಬ್ಯಾಗ್ ಎಚ್ಚರಿಕೆ ಇರುತ್ತದೆ. ಅವು ಇರಲಿ. ಕಂಪನಿಯ ಲಾಂಛನವನ್ನು ಕೀಳುವ ಶೋಕಿ ಇರುವವರು ಗಮನಿಸಿ, ಕೆಲವು ಕಾರುಗಳಲ್ಲಿ ಅದರ ಹಿಂದೆ ತಗಡಿನ ತೂತಿಗೆ ಇಳಿದ ಮೊಳೆಗಳಿರುತ್ತವೆ. ಬರೀ ಟೇಪು ಅಂದುಕೊಂಡು ಎಳೆದರೆ ಡಿಕ್ಕಿಯಲ್ಲಿ ತೂತು ನಿಮ್ಮದಾಗುತ್ತದೆ.

ಹೋದ ವಾರ ಕಂಪನಿಯಿಂದ ಫೋನ್ ಬಂತು, ಡೆಲಿವರಿಯ ಅನುಭವಕ್ಕೆ ಹತ್ತಕ್ಕೆ ಎಷ್ಟು ಅಂಕ ಅಂತ. ಅದಕ್ಕೆ ಹತ್ತು ನಿಮಿಷ ಮುಂಚೆ ಸೇಲ್ಸ್ ಹುಡುಗನೂ ಫೋನ್ ಮಾಡಿದ್ದ, "ಸಾರ್, ಒಂಬತ್ತು ಕೊಟ್ರೂ ನನ್ನ ಇನ್ಸೆಂಟಿವ್ ಹೋಗುತ್ತೆ." ಹತ್ತು ಕೊಟ್ಟೆ. ಅಂಟಿಸಿ ಅಂತ ಹೇಳಿದವರಿಗೆ ಅಂಕ ಕೊಡಲು ಅವರು ಕೇಳಲಿಲ್ಲ, ಹಾಗಾಗಿ ಇಲ್ಲಿ ಬರೆದಿದ್ದೇನೆ.

ಈ ಪತ್ರದ ಒಂದು ಪ್ರತಿಯ ಜೊತೆ ನಿಮ್ಮ ಬ್ಯಾಡ್ಜನ್ನು ಲಕೋಟೆಯಲ್ಲಿಟ್ಟು ಕೊರಿಯರ್ ಮಾಡಿದ್ದೇನೆ. ಹಿಂದಿನ ಟೇಪು ಹಾಳಾಗಿದೆ, ಅಕ್ಷರಗಳು ನೆಟ್ಟಗಿವೆ, ಒಂದು ಗೀರೂ ಬಿದ್ದಿಲ್ಲ. ಅದಿದ್ದ ಜಾಗದಲ್ಲಿ ಅಮ್ಮ ಶುಕ್ರವಾರ ಕುಂಕುಮ ಇಟ್ಟಿದ್ದಾಳೆ. ಕೊರಿಯರ್ ಚಾರ್ಜ್ ನಿಮ್ಮಿಂದ ಕೇಳುತ್ತಿಲ್ಲ, ಕಾಂಪ್ಲಿಮೆಂಟರಿ.

ಇಂತಿ ನಿಮ್ಮ ಗಿರಾಕಿ,
ತುಮಕೂರು